ಟೋಕಿಯೋದಲ್ಲಿ ವೋಲ್ಟೇಜ್ ಬರಲೆಂದು ಕಾದದ್ದು

ಎಲ್ಲ ತಿಳಿದವನು ಎನಿಸಿಕೊಂಡವನ ಪಕ್ಕದಲ್ಲಿ ಬದುಕುವುದು ಅಪಾಯ. ಇದನ್ನು ನನ್ನ ಹೆಂಡತಿ ಸುಶೀಲಾ ಹೇಳಬೇಕಿತ್ತು. ಅವಳು ಹೇಳುವುದಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ. ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದೆ. ನಿವೃತ್ತನಾದರೂ ಓಣಿಯಲ್ಲಿ ಯಾರ ಫ್ಯಾನು ನಿಂತರೂ ನನ್ನನ್ನೇ ಕರೆಯುತ್ತಾರೆ. ಹಾಗಾಗಿ ಸಾಂಗಲಿಯ ಟೂರಿನವರ ಜೊತೆ ಜಪಾನಿಗೆ ಹೊರಟಾಗ, ಅವಳ ದಮ್ಮಿನ ಮಷೀನು, ಅಂದರೆ ಔಷಧಿಯನ್ನು ಹೊಗೆ ಮಾಡಿ ಮೂಗಿಗೆ ಕೊಡುವ ನೆಬ್ಯುಲೈಸರು, ಅಲ್ಲಿ ನಡೆಯುತ್ತದೆಯೇ ಎಂದು ಅವಳು ಕೇಳಿದ್ದು ನನ್ನನ್ನೇ. ನಿಪ್ಪಾಣಿಯಲ್ಲಿ ಒಂದು ಅಡಾಪ್ಟರ್ ಕೊಂಡು, ಕರೆಂಟು ಎಲ್ಲ ಕಡೆ ಕರೆಂಟೇ, ಪಿನ್ನಿನ ಆಕಾರವಷ್ಟೇ ಬೇರೆ ಎಂದೆ. ಹಾಗೆಂದೆನೋ, ಬರೀ ನಕ್ಕೆನೋ, ಈಗ ಖಚಿತವಿಲ್ಲ. ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಎರಡನೇ ದಿನ ಬೆಳಗ್ಗೆ, ಟೋಕಿಯೋದ ಹೋಟೆಲಿನಲ್ಲಿ, ಟೂರಿನ ಬಸ್ಸು ಹೊರಡುವ ಮೊದಲು, ಚಳಿಗೆ ಅವಳ ಎದೆ ಕಟ್ಟಿತು. ಪ್ಲಗ್ಗು ಹಾಕಿದೆ. ಮಷೀನು ಗೊಣಗಿತು, ಹೊಗೆ ಬರಲಿಲ್ಲ. ಅಲ್ಲಿನ ಕರೆಂಟು ನೂರು ವೋಲ್ಟು, ನಮ್ಮ ಮಷೀನಿಗೆ ಬೇಕಾದದ್ದು ಇನ್ನೂರ ಮೂವತ್ತು. ಆದರೆ ನನಗೆ ಹೊಳೆದದ್ದು ನಮ್ಮೂರಿನ ಲೆಕ್ಕ: ಕಬ್ಬಿನ ಹೊಲದ ಪಂಪುಗಳೆಲ್ಲ ಒಟ್ಟಿಗೆ ಶುರುವಾದರೆ ಮನೆಯ ದೀಪ ಕೆಂಪಗಾಗುತ್ತದೆ, ಅವು ನಿಂತ ಮೇಲೆ ಸರಿಹೋಗುತ್ತದೆ.

"ಸ್ವಲ್ಪ ತಡಿ. ಲೋಡ್ ಜಾಸ್ತಿ ಐತಿ. ಈಗ ಬರತೈತಿ" ಎಂದೆ.

ಅವಳು ಮಾಸ್ಕು ಹಿಡಿದು ಮಂಚದ ಅಂಚಿನಲ್ಲಿ ಕುಳಿತಳು. ನಾನು ಹದಿನಾಲ್ಕನೇ ಮಹಡಿಯ ಕಿಟಕಿಯಲ್ಲಿ ನಿಂತು, ಟೋಕಿಯೋದ ಪಂಪುಗಳು ನಿಲ್ಲಲೆಂದು ಮುಕ್ಕಾಲು ಗಂಟೆ ಕಾದೆ.

"ಇಲ್ಲಿ ಯಾರ್ ನೀರ್ ಹಾಯಿಸಾಕತ್ತಾರ್ರಿ?" ಎಂದು ಉಸಿರಿಗೊಂದು ಮಾತಿನಂತೆ ಕೇಳಿದಳು.

ನಾನು ಸಿಟ್ಟಿಗೆದ್ದೆ. "ಲೈನಿನ ಕೆಲಸ ನಿನಗ ಗೊತ್ತೋ, ನನಗ ಗೊತ್ತೋ?"

ಅವಳು ಎದ್ದಳು. ಮಷೀನನ್ನು ಕಂಕುಳಲ್ಲಿ ಇಟ್ಟುಕೊಂಡು, ಗೋಡೆ ಹಿಡಿದು ಲಿಫ್ಟಿನವರೆಗೆ ನಡೆದಳು. ನಾನು ಚಪ್ಪಲಿ ಹುಡುಕಿ ಕೆಳಗಿಳಿಯುವಷ್ಟರಲ್ಲಿ ಅವಳು ಕೌಂಟರಿನ ಹುಡುಗಿಗೆ ಎದೆ ಮುಟ್ಟಿ ತೋರಿಸಿ ಆಗಿತ್ತು. ಹುಡುಗಿ ಮಷೀನನ್ನು ತಿರುವಿ, ತಳಕ್ಕೆ ಅಂಟಿಸಿದ ವೋಲ್ಟೇಜಿನ ಚೀಟಿ ಓದಿ, ಒಳಗಿನಿಂದ ವೋಲ್ಟೇಜ್ ಏರಿಸುವ, ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ತಂದಳು. ಇಡೀ ಟೂರು ನೋಡುತ್ತಿರುವಾಗ ಸೋಫಾದಲ್ಲಿ ಕುಳಿತು ಸುಶೀಲಾ ಉಸಿರಾಡಿದಳು.

ಆ ಚೀಟಿಯನ್ನು ನಾನು ಕೋಣೆಯಲ್ಲೇ ಓದಿದ್ದೆ ಎಂದು ಕೆಲವು ದಿನ ಅನ್ನಿಸುತ್ತದೆ. ಓದಿಯೂ, ತಪ್ಪು ಒಪ್ಪಿಕೊಳ್ಳಲಾರದೆ ಕಾದೆನೇ? ಕೆಲವು ದಿನ ಓದಿರಲಿಲ್ಲ ಅನ್ನಿಸುತ್ತದೆ. ಆ ದಿನಗಳಲ್ಲಿ ಊಟ ರುಚಿಸುತ್ತದೆ.

ಈಗ ಚಿಕ್ಕೋಡಿ, ಅಥಣಿ ಕಡೆಯಿಂದ ವಿದೇಶಕ್ಕೆ ಹೊರಟವರು ಸಲಹೆ ಕೇಳಲು ನನ್ನ ಬಳಿ ಬರುತ್ತಾರೆ. ವೋಲ್ಟೇಜ್ ನೋಡಿಕೊಂಡು ಹೋಗಿ ಎಂದು ಈ ಕಥೆ ಹೇಳುತ್ತೇನೆ. ನಾನು ಹೇಳುವ ಕಥೆಯಲ್ಲಿ ನಾವು ಕಾದದ್ದು ಹತ್ತು ನಿಮಿಷ. ಟ್ರಾನ್ಸ್‌ಫಾರ್ಮರ್ ಕೇಳಿ ತಂದವನು ನಾನು. ಅಲ್ಲಿಗೆ ಬಂದಾಗ ಒಂದು ಕ್ಷಣ ನಿಲ್ಲುತ್ತೇನೆ, ಸುಶೀಲಾ ತಿದ್ದಲಿ ಎಂದು. ಅವಳು ಬಂದವರಿಗೆ "ಕುಂದರ್ರಿ, ಚಹಾ ಇಡ್ತೀನಿ" ಎಂದು ಹೇಳಿ ಒಳಗೆ ಹೋಗುತ್ತಾಳೆ.