ಒಂದು ನಾಯಿ, ನಾಲ್ಕು ಅರ್ಜಿ

ಕೆಲವರಿಗೆ ಕ್ರಿಕೆಟ್ಟಿನ ಹುಚ್ಚು, ಕೆಲವರಿಗೆ ಇಸ್ಪೀಟಿನ ಹುಚ್ಚು. ನನಗಿರುವುದು ನಿಯಮಗಳ ಹುಚ್ಚು. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಸರ್ಕಾರ ಹೊಸದೊಂದು ನಿಯಮ ತರುವುದಂತೆ ಎಂದು ಪೇಪರಿನಲ್ಲಿ ಓದಿದರೆ ಸಾಕು, ನನ್ನ ಕೈಯಲ್ಲಿರುವ ಕಾಫಿ ಕುಡಿಯದೆ ಆರಿಹೋಗುತ್ತದೆ. ಊರಿನ ಜನವೆಲ್ಲ ಹೆಲ್ಮೆಟ್ಟಿಗೆ ಶಾಪ ಹಾಕುತ್ತಿದ್ದ ಕಾಲದಲ್ಲಿ ನಾನೊಬ್ಬನೇ ಸಂಭ್ರಮದಿಂದ ಹಾಕಿಕೊಂಡು ತರಕಾರಿ ತರಲು ಹೊರಟಿದ್ದೆ. ಗಾಡಿ ರಿಪೇರಿಗೆ ಕೊಟ್ಟಿದ್ದೇನೆ, ನಾನು ನಡೆದುಕೊಂಡು ಹೋಗುತ್ತಿದ್ದೇನೆ ಎಂಬುದು ಮಾರುಕಟ್ಟೆಯಲ್ಲಿ ನಾಲ್ಕು ಜನ ನಕ್ಕ ಮೇಲೆ ಹೊಳೆಯಿತು. ಇದಕ್ಕೆ ನನ್ನ ಕಸುಬೂ ಕಾರಣವಿರಬಹುದು. ದೊಡ್ಡಬಳ್ಳಾಪುರದ ತಾಲೂಕು ಕಚೇರಿ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ದಿನವಿಡೀ ಅರ್ಜಿ, ಅಫಿಡವಿಟ್ಟು, ಆಧಾರ್ ಕಾರ್ಡುಗಳ ನಡುವೆ ಇರುವವನಿಗೆ ಬೇರೆ ಯಾವ ಹುಚ್ಚು ತಾನೇ ಹಿಡಿಯುತ್ತದೆ?

ಹೀಗಿರುವಾಗ ಒಂದು ಬೆಳಿಗ್ಗೆ ಪೇಪರಿನಲ್ಲಿ ನಾಯಿಗಳ ಮಸೂದೆಯ ಸುದ್ದಿ ಬಂತು. ಇನ್ನು ಮೇಲೆ ಪ್ರತಿಯೊಂದು ನಾಯಿಗೂ ಕಾಗದದ ಮೇಲೆ ಒಬ್ಬ ಮಾಲೀಕ ಇರಬೇಕು, ಅದಕ್ಕೆ ಲಸಿಕೆ ಹಾಕಿಸಿರಬೇಕು, ಬೀದಿಗೆ ಬಿಡುವಾಗ ಕೊರಳಿಗೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ತುದಿಯಲ್ಲಿ ಮನುಷ್ಯ ಇರಲೇಬೇಕು. ಇದೆಲ್ಲ ಇನ್ನೂ ಕರಡು, ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು ಎಂದೂ ಬರೆದಿತ್ತು. ಆಕ್ಷೇಪಣೆಯೇ? ನನಗೆ ಕುಣಿಯುವಷ್ಟು ಖುಷಿಯಾಯಿತು. "ಸರೋಜಾ, ಕೇಳಿದ್ಯಾ, ನಾಯಿಗೂ ದಾಖಲೆ ಬರುತ್ತಂತೆ" ಎಂದು ಹೆಂಡತಿಯನ್ನು ಕೂಗಿದೆ. ಅವಳು ಅಡುಗೆಮನೆಯಿಂದಲೇ, "ಮೊದ್ಲು ಗ್ಯಾಸ್ ಬುಕ್ ಮಾಡ್ರಿ" ಎಂದಳು.

ನಮ್ಮ ಬೀದಿಯಲ್ಲಿ ಒಂದು ನಾಯಿ ಇದೆ. ಮೈಯೆಲ್ಲ ಕಪ್ಪು, ಮುಂಗಾಲೊಂದು ಬಿಳಿ, ಎಡಗಿವಿ ಸ್ವಲ್ಪ ಹರಿದಿದೆ. ಅದು ಯಾರದು ಎಂದು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ನಮ್ಮ ಮನೆಯಲ್ಲಿ ನಿನ್ನೆಯ ಇಡ್ಲಿ ತಿನ್ನುತ್ತದೆ, ಆಗ ಅದರ ಹೆಸರು ಕರಿಯ. ಮಧ್ಯಾಹ್ನ ಪಕ್ಕದ ಮನೆ ನಂಜಮ್ಮನವರ ಬಾಗಿಲಲ್ಲಿ ಮುದ್ದೆ, ಉಪ್ಸಾರು. ಅಲ್ಲಿ ಅದು ಭೈರ. ನಾಲ್ಕು ಗಂಟೆಗೆ ಎದುರುಮನೆಯ ಮುನಿರಾಜು ಮಗ್ಗ ನಿಲ್ಲಿಸಿ ಚಹಾ ಕುಡಿಯುವಾಗ ಬನ್ನು ತಿನ್ನುವ ಟೈಗರ್. ಸಂಜೆ ಬೀದಿಯ ಕೊನೆಯ ರಹಮತ್ ಸಾಬರ ಮನೆಯಲ್ಲಿ ಮೂಳೆ ಕಡಿಯುವ ಮೋತಿ. ನಾಲ್ಕು ಹೆಸರಿಗೂ ಬಾಲ ಅಲ್ಲಾಡಿಸುತ್ತದೆ. ಇಂಥ ನಾಯಿಗೆ ಒಬ್ಬನೇ ಮಾಲೀಕ ಬೇಕೆಂದರೆ ಯಾರಾಗಬೇಕು? ಈ ಪ್ರಶ್ನೆ ಬಿಡಿಸುವ ಭಾಗ್ಯ ನನ್ನದೇ ಎಂದು ನಿರ್ಧರಿಸಿಬಿಟ್ಟೆ. ಅಂಗಡಿಗೆ ಹೋದವನು ಬೇರೆ ಕೆಲಸವೆಲ್ಲ ಬದಿಗಿಟ್ಟು ನಾನೇ ಒಂದು ಅರ್ಜಿ ನಮೂನೆ ಟೈಪ್ ಮಾಡಿದೆ. ಮಾಲೀಕರ ಹೆಸರು, ವಿಳಾಸ, ನಾಯಿಯ ಹೆಸರು, ಬಣ್ಣ, ಗುರುತಿನ ಚಿಹ್ನೆ. ಕೆಳಗೆ ಸಹಿಗೆ ಚುಕ್ಕಿಗಳ ಸಾಲು. ಆ ಚುಕ್ಕಿಗಳನ್ನು ನೋಡಿ ನನಗೇ ಹೆಮ್ಮೆಯಾಯಿತು. ಬೀದಿಯವರಿಗೆಲ್ಲ ಒಂದೊಂದು ಹಂಚಿ, "ಆಧಾರ್ ಜೆರಾಕ್ಸ್ ಜೊತೆ ಕೊಡಿ" ಎಂದೆ. ಅಲ್ಲೇ ನಾನು ಎಡವಿದ್ದು.

ನಮ್ಮ ಕಡೆ ಆಧಾರ್ ಜೆರಾಕ್ಸ್ ಕೇಳಿದರೆ ಅದು ಯಾವುದೋ ಸರ್ಕಾರಿ ಯೋಜನೆ ಎಂದೇ ಅರ್ಥ. ಅದರಲ್ಲೂ ನನ್ನ ಕೈಯಿಂದ ಬಂದ ಅರ್ಜಿ. ಸಂಜೆಯೊಳಗೆ ನಂಜಮ್ಮ ತುಂಬಿದ ಅರ್ಜಿ ಹಿಡಿದು ಬಂದರು. ಜೊತೆಗೆ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಎರಡು ಫೋಟೋ. "ಭೈರ ನಮ್ದೇ ಕಣಪ್ಪ, ಕಣ್ಣು ಬಿಡೋಕ್ಮುಂಚೆಯಿಂದ ಸಾಕಿದೀನಿ. ಯಜಮಾನಿ ಹೆಸ್ರಿಗೇ ಬರುತ್ತಲ್ವಾ?" ಎಂದು ದನಿ ತಗ್ಗಿಸಿ ಕೇಳಿದರು. ಅವರ ಹಿಂದೆಯೇ ಮುನಿರಾಜು ಬಂದ. "ಮೂರ್ತಣ್ಣ, ಟೈಗರ್ ಮಲ್ಗೋದೇ ನಮ್ಮ ಮಗ್ಗದ ಮನೇಲಿ. ಬೇಕಾದ್ರೆ ಬಂದು ನೋಡು" ಎಂದ. ಆಮೇಲೆ ರಹಮತ್ ಸಾಬರು ಬಂದರು. ಮೊಬೈಲಿನಲ್ಲಿ ಮೋತಿಯ ಫೋಟೋ ತೋರಿಸಿದರು, ಒಂದಲ್ಲ, ಇಪ್ಪತ್ತು. ನನ್ನ ಹೆಂಡತಿ ನನಗೆ ತಿಳಿಯದಂತೆ ನಮ್ಮ ಮನೆಯದೂ ಒಂದು ತುಂಬಿಟ್ಟಿದ್ದಳು. ಒಂದೇ ಬಿಳಿ ಮುಂಗಾಲಿಗೆ, ಒಂದೇ ಹರಿದ ಕಿವಿಗೆ ನಾಲ್ಕು ಅರ್ಜಿ. ಜನರಲ್ಲಿ ಪ್ರಾಣಿದಯೆ ಇಷ್ಟೊಂದಿದೆಯಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಯೋಜನೆ ಎಂಬ ಮಾತು ಅವರ ತಲೆಯಲ್ಲಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಭಾನುವಾರ ನಮ್ಮ ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿದೆ. ನಾಯಿಯೂ ಬಂದು ನಡುವೆ ಮಲಗಿತು. ನಾನು ಪೇಪರಿನಿಂದ ಕತ್ತರಿಸಿಟ್ಟಿದ್ದ ತುಣುಕು ತೆಗೆದು ಒಂದೊಂದೇ ಕಲಮು ಜೋರಾಗಿ ಓದಿದೆ. ವರ್ಷವರ್ಷವೂ ಲಸಿಕೆ. ಬೀದಿಯಲ್ಲಿ ಗಲೀಜು ಮಾಡಿದರೆ ಮಾಲೀಕ ಎತ್ತಬೇಕು. ಕಚ್ಚಿದರೆ ಮಾಲೀಕನ ಮೇಲೆ ಕೇಸು. ಇಲ್ಲಿಗೆ ಬರುವಷ್ಟರಲ್ಲಿ ನಂಜಮ್ಮ ಎದ್ದು ನಿಂತಿದ್ದರು.

"ಕೊಡೋದೇನೂ ಇಲ್ವಾ?"

"ಇದು ಯೋಜನೆ ಅಲ್ಲ ನಂಜಮ್ಮ, ಕಾನೂನು."

"ಹಂಗಾದ್ರೆ ನಂದು ವಾಪಸ್ ಕೊಡಪ್ಪ. ಬೀದಿ ನಾಯಿ ಅದು, ನಮ್ದು ಅಂತ ಯಾರಂದ್ರು?"

ಮುನಿರಾಜು ಆಗಲೇ ತನ್ನ ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದ. ರಹಮತ್ ಸಾಬರು ಕೆಮ್ಮಿ, "ಮೂರ್ತಿಯೋರೆ, ನಮ್ದು ಬಾಡಿಗೆ ಮನೆ. ಓನರ್ ಏನಂತಾರೋ" ಎಂದರು. ಸರೋಜ ನಮ್ಮ ಮನೆಯ ಅರ್ಜಿಯನ್ನು ಯಾವಾಗ ಎತ್ತಿಕೊಂಡು ಹೋದಳೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಮುನಿರಾಜು, "ಯಾರ್ದೂ ಅಲ್ಲ ಅಂದ್ರೆ ಏನ್ಮಾಡ್ತಾರಣ್ಣ?" ಎಂದು ಕೇಳಿದ. ಕೊನೆಯ ಕಲಮು ಓದಿದೆ. ಮಾಲೀಕರಿಲ್ಲದ ನಾಯಿಗಳನ್ನು ಹಿಡಿದು ಆಶ್ರಯ ತಾಣಕ್ಕೆ ಸಾಗಿಸಲಾಗುವುದು.

ನಾಯಿ ಒಮ್ಮೆ ತಲೆಯೆತ್ತಿ ನಾಲ್ಕು ಜನರನ್ನೂ ನೋಡಿ, ನಾವೆಲ್ಲ ಇದ್ದೇವೆ ಎಂಬ ಧೈರ್ಯದಿಂದ ಮತ್ತೆ ಮಲಗಿತು. ನಿಯಮ ಬರುತ್ತದೆಂದು ಇಷ್ಟು ದಿನ ಕುಣಿದವನಿಗೆ ಅದು ಹಿಡಿದುಕೊಂಡು ಹೋಗುವುದು ಇದೇ ನಾಯಿಯನ್ನು ಎಂದು ಹೊಳೆದೇ ಇರಲಿಲ್ಲ. "ನನ್ನ ಹೆಸ್ರಿಗೇ ಬರ್ಕೊಳ್ಳಿ" ಎಂದೆ. ಬರೆದುಕೊಳ್ಳಬೇಕಾದವನೂ ನಾನೇ ಆದ್ದರಿಂದ ಬರೆದುಕೊಂಡೆ. ಚುಕ್ಕಿಗಳ ಸಾಲಿನ ಮೇಲೆ ಸಹಿ ಹಾಕಿದಾಗ ನಂಜಮ್ಮ, "ದೇವ್ರಂಥೋನು" ಎಂದರು. ಒಳಗಿನಿಂದ ಸರೋಜ, "ಕುಂಡಕ್ಕೆ ನೀರು ಹಾಕೋಕೆ ನೆನಪಿರಲ್ಲ, ನಾಯಿ ಸಾಕ್ತಾರಂತೆ" ಎಂದದ್ದೂ ಕೇಳಿಸಿತು.

ಮರುದಿನವೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. "ಇದಿನ್ನೂ ಕಾನೂನೇ ಆಗಿಲ್ವಲ್ಲ ಸಾರ್" ಎಂದರು ಡಾಕ್ಟರು. "ಅಲ್ಲೀವರ್ಗೂ ಕಾಯೋಕಾಗಲ್ಲ ಡಾಕ್ಟ್ರೇ" ಎಂದೆ. ಲಸಿಕೆ ಆಯಿತು, ಮಾಲೀಕ ಎಂದು ನನ್ನ ಹೆಸರು ಬರೆದ ಲಸಿಕೆ ಪುಸ್ತಕವೂ ಬಂತು. ಕೆಂಪು ಪಟ್ಟಿ, ಉದ್ದನೆಯ ಹಗ್ಗ ಕೊಂಡು ತಂದು ಕರಿಯನನ್ನು ನಮ್ಮ ಕಾಂಪೌಂಡಿನಲ್ಲಿ ಕಟ್ಟಿದೆ. ಇಡೀ ತಾಲೂಕಿನಲ್ಲಿ ಬಾರದ ಕಾನೂನನ್ನು ಪಾಲಿಸಿದ ಮೊದಲ ಪ್ರಜೆ ನಾನೇ ಇರಬೇಕೆಂದು ಎದೆಯುಬ್ಬಿಸಿಕೊಂಡು ಓಡಾಡಿದೆ.

ಮಧ್ಯಾಹ್ನದವರೆಗೆ ಎಲ್ಲ ಸರಿಯಿತ್ತು. ಸರೋಜ ಅನ್ನ, ಸಾರು ಕಲಸಿ ಇಟ್ಟರೆ ಕರಿಯ ಮೂಸಿಯೂ ನೋಡಲಿಲ್ಲ. ನಂಜಮ್ಮನವರ ಮನೆಯ ಕಡೆ ಮುಖ ಮಾಡಿ ಊಳಿಡತೊಡಗಿದ. ಮೂರು ಮನೆಯಾಚೆಯಿಂದಲೂ ಜನ ಬಂದು ಇಣುಕಿದರು. ಬಿಚ್ಚಿ ಬಿಡೋಣವೆಂದರೆ ನಿಯಮ ಅಡ್ಡ ಬಂತು. ಹಗ್ಗದ ತುದಿಯಲ್ಲಿ ಮನುಷ್ಯ ಇರಲೇಬೇಕು. ಹಾಗಾಗಿ ಈಗ ಆ ಮನುಷ್ಯ ನಾನು. ಅಂಗಡಿಗೆ ಮಧ್ಯಾಹ್ನ ಬೀಗ ಹಾಕಿ ಬಂದು, ಕರಿಯನನ್ನು ಹಿಡಿದುಕೊಂಡು ನಂಜಮ್ಮನವರ ಬಾಗಿಲಲ್ಲಿ ನಿಲ್ಲುತ್ತೇನೆ. ನಾಲ್ಕಕ್ಕೆ ಮುನಿರಾಜುವಿನ ಮಗ್ಗದ ಮನೆ, ಸಂಜೆ ರಹಮತ್ ಸಾಬರ ಮನೆ. ನಾಯಿ ಉಣ್ಣುತ್ತದೆ, ನಾನು ಹಗ್ಗ ಹಿಡಿದು ಆಕಾಶ ನೋಡುತ್ತೇನೆ. ಹಗ್ಗದ ಕಲಮಿಗೆ ಒಂದು ಆಕ್ಷೇಪಣೆ ಟೈಪ್ ಮಾಡಿ ಇಟ್ಟುಕೊಂಡಿದ್ದೇನೆ. ಕಳಿಸಲು ಬಿಡುವಾಗಿಲ್ಲ.

ಮೊನ್ನೆ ನಂಜಮ್ಮನವರ ಮನೆಗೆ ದೊಡ್ಡಬೆಳವಂಗಲದಿಂದ ಅವರ ತಂಗಿ ಬಂದಿದ್ದರು. ಬಾಗಿಲಲ್ಲಿ ನಿಂತ ನನ್ನನ್ನೂ ನಾಯಿಯನ್ನೂ ನೋಡಿ, "ನಾಯಿ ಇವ್ರದಾ ಅಕ್ಕ?" ಎಂದು ಕೇಳಿದರು.

"ಏ ಇಲ್ಲ ಕಣೆ, ಭೈರ ನಮ್ದೇ" ಎಂದರು ನಂಜಮ್ಮ, ಎರಡನೇ ಮುದ್ದೆ ಮುರಿದು ಹಾಕುತ್ತ. "ಪಾಪ, ಇವ್ರು ದಿನಾ ಹಿಡ್ಕೊಂಡ್ ಬಂದು ಹಿಡ್ಕೊಂಡ್ ಹೋಗ್ತಾರೆ."

ನನ್ನ ಹೆಸರಿನ ಲಸಿಕೆ ಪುಸ್ತಕ ಜೇಬಿನಲ್ಲೇ ಇತ್ತು. ತೆಗೆದು ತೋರಿಸೋಣವೆಂದು ಕೈ ಹಾಕಿದೆ. ಅಷ್ಟರಲ್ಲಿ ಭೈರನ ಊಟ ಮುಗಿದಿತ್ತು, ಹಗ್ಗ ಎಳೆಯಿತು, ನಾನು ಹಿಂದೆಯೇ ಹೊರಟೆ.