ಗೃಹ ವಿಜ್ಞಾನ ಖಾಲಿಯಾಗಿತ್ತು

ಸುಳ್ಳು ಹೇಳುವುದಕ್ಕೆ ಹೆಚ್ಚು ಓದಿರಬೇಕಾಗಿಲ್ಲ. ಹೇಳಿದ ಸುಳ್ಳನ್ನು ಸಾಕುವುದಕ್ಕೆ ಮಾತ್ರ ಸ್ವಲ್ಪವಾದರೂ ಓದಿರಬೇಕು. ನಾನು ಏಳನೇ ಕ್ಲಾಸಿನವನು. ಸುಳ್ಳನ್ನು ಹೊಡೆದುಕೊಂಡು ಬಂದು ಕೊಟ್ಟಿಗೆಯಲ್ಲಿ ಕಟ್ಟುವುದು ಬರುತ್ತದೆ, ಅದಕ್ಕೆ ದಿನಾ ಮೇವು ಹಾಕುವುದು ಬರುವುದಿಲ್ಲ. ಹೀಗಾಗಿ ನಾನು ಇದುವರೆಗೆ ಹೇಳಿದ ಸುಳ್ಳುಗಳೆಲ್ಲ ಎಳಗರುವಾಗಿದ್ದಾಗಲೇ ಸತ್ತಿವೆ. ಒಂದು ಮಾತ್ರ ಬದುಕಿ ಬೆಳೆದು ಕೊಂಬು ಬಿಟ್ಟು ನನ್ನನ್ನೇ ಹಾಯಲು ಬಂತು. ಅದರ ಕತೆ ಇದು.

ನನಗೆ ಒಬ್ಬಳೇ ತಂಗಿ, ಮಂಜುಳಾ. ಅವಳನ್ನು ಕೊಟ್ಟಿರುವುದು ನಮ್ಮೂರಿನಲ್ಲೇ, ಹಿಂದಿನ ಬೀದಿಗೆ. ತವರಿಗೂ ಗಂಡನ ಮನೆಗೂ ನಡುವೆ ಒಂದು ಹುಣಸೆಮರ, ಒಂದು ತಿಪ್ಪೆ. ಎಸ್ಸೆಸ್ಸೆಲ್ಸಿ ಪಾಸಾಗಿ, ಕಾಲೇಜಿಗೆ ಕಾಲಿಟ್ಟು, ಅಷ್ಟರಲ್ಲೇ ಮದುವೆಯಾಗಿ ಓದು ನಿಲ್ಲಿಸಿದವಳು. ಊರ ಅಂಗನವಾಡಿಯಲ್ಲಿ ಸಹಾಯಕಿ. ಅಲ್ಲಿನ ಟೀಚರಮ್ಮ ಇನ್ನೇನು ನಿವೃತ್ತಿಯಾಗುವವರು. ಅವರ ಜಾಗಕ್ಕೆ ಮಂಜುಳಾ ಬರಬೇಕಾದರೆ ಪಿಯುಸಿ ಮಟ್ಟದ ಪರೀಕ್ಷೆ ಪಾಸಾಗಿರಬೇಕು. ಶಾಲೆಗೆ ಹೋಗದೆ ಮನೆಯಲ್ಲೇ ಓದಿ ಬರೆಯುವ ಓಪನ್ ಸ್ಕೂಲ್ ಪರೀಕ್ಷೆ ಇದೆಯಂತೆ ಎಂದು ಯಾರೋ ಹೇಳಿದರು. ಅವಳ ಮುಖದಲ್ಲಿ ಅವತ್ತು ಬಂದ ಬೆಳಕನ್ನು ನಾನು ಅವಳ ಮದುವೆಯ ದಿನವೂ ನೋಡಿರಲಿಲ್ಲ. ಅವಳ ಗಂಡ ಕೇಳಿಸಿಕೊಂಡರೂ ಪರವಾಗಿಲ್ಲ, ಇದು ನಿಜ.

ಅರ್ಜಿ ಹಾಕುವ ಕೊನೆಯ ದಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಚುಚ್ಚುಮದ್ದು. ಅವಳು ಬರುವಂತಿರಲಿಲ್ಲ. ನಾನು ಹೇಗೂ ಪಿರಿಯಾಪಟ್ಟಣಕ್ಕೆ ಹೊರಟಿದ್ದೆ. ಕಾಗದಗಳನ್ನೆಲ್ಲ ಕೈಗಿಟ್ಟು, "ಅಣ್ಣ, ಎಲ್ಲಾನೂ ಕಂಪ್ಯೂಟರ್ ಅಂಗ್ಡಿಯೋರೇ ತುಂಬ್ಕೋತಾರೆ. ಕಡೇ ಸಬ್ಜೆಕ್ಟು ಮಾತ್ರ ಕೇಳ್ತಾರೆ, ಗೃಹ ವಿಜ್ಞಾನ ಅನ್ನು. ಮರೀಬ್ಯಾಡ" ಅಂದಳು. ಮಕ್ಕಳ ಊಟ, ತೂಕ, ಜ್ವರ, ಇವೆಲ್ಲ ಅವಳು ದಿನಾ ಮಾಡುವ ಕೆಲಸವೇ. ಗೃಹ ವಿಜ್ಞಾನ ಅವಳಿಗೆ ಕಣ್ಣು ಮುಚ್ಚಿ ಬರೆಯುವ ವಿಷಯ. ಬಸ್ಸಿನಲ್ಲಿ ಉದ್ದಕ್ಕೂ ಗೃಹ ವಿಜ್ಞಾನ, ಗೃಹ ವಿಜ್ಞಾನ ಎಂದು ಜಪಿಸಿಕೊಂಡೇ ಹೋದೆ. ಪಕ್ಕದವನು ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ವಿಚಾರಿಸಿದ.

ಬಸ್ ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಅಂಗಡಿಯಲ್ಲಿ ನನಗಿಂತ ಮೊದಲೇ ಜವರಪ್ಪ ಕೂತಿದ್ದ. ಜವರಪ್ಪ ನನ್ನ ಹೊಲದ ಪಕ್ಕದ ಹೊಲದವನು. ನಮ್ಮಿಬ್ಬರ ನಡುವೆ ಇರುವುದು ಒಂದೇ ಬದು, ಅದರ ಮೇಲೆ ಇರುವುದು ಹಲವು ಜಗಳ. ಅವನ ಮಗಳು ಮೈಸೂರಿನಲ್ಲಿ ಕಂಪ್ಯೂಟರ್ ಓದಲು ಸೇರಿದ ದಿನದಿಂದ ಅವನ ಎತ್ತುಗಳು ಕೂಡ ಗತ್ತಿನಿಂದ ನಡೆಯುತ್ತವೆ. ಅಂಗಡಿಯ ಹುಡುಗಿ ಪಟಪಟನೆ ಎಲ್ಲ ತುಂಬಿ, ಕೊನೆಗೆ ತಲೆ ಎತ್ತಿ, "ಅಣ್ಣ, ಕೊನೇ ಸಬ್ಜೆಕ್ಟ್ ಯಾವ್ದು? ಹೋಮ್ ಸೈನ್ಸಾ, ಕಂಪ್ಯೂಟರ್ ಸೈನ್ಸಾ?" ಅಂದಳು.

ನಾನು ಬಾಯಿ ತೆರೆದೆ. ಜವರಪ್ಪ ನನಗಿಂತ ಮೊದಲೇ ತೆರೆದ.

"ಓಮ್ ಸೈನ್ಸೇ ಆಕಮ್ಮ. ಈ ಸಿದ್ದರಾಜನ ಮನೆಯೋರ್ಗೆ ಕಂಪ್ಯೂಟರ್ ಎಲ್ ಅತ್ತಾದು? ಮುದ್ದೆ ತಿರ್‌ವಕ್ಕೆ ಒಂದು ಸರ್ಟಿಪಿಕೇಟು ಸಿಕ್ರೆ ಸಾಕು ಬುಡು."

ಅಂಗಡಿಯಲ್ಲಿದ್ದ ಒಂದಿಬ್ಬರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಆ ಮೇಲೆ ಮಾತಾಡಿದ್ದು ನನ್ನ ಬಾಯಿಯೇ, ಆದರೆ ನಾನಲ್ಲ.

"ಕಂಪ್ಯೂಟರ್ ಆಕಮ್ಮ."

"ಅಣ್ಣ, ಒಂದ್ಸಲ ಕಳಿಸಿದ್ರೆ ಮತ್ತೆ ಬದಲಾಯ್ಸಕ್ಕಾಗಲ್ಲ."

"ಗೊತ್ತು ಕಳ್ಸಮ್ಮ. ನಮ್ ಮಂಜಿ ಏನ್ ಕಮ್ಮಿನಾ?"

ಜವರಪ್ಪನ ಮುಖ ನೋಡುವ ಹಾಗಿತ್ತು. ನಾನು ಎದೆಯುಬ್ಬಿಸಿಕೊಂಡು ಹೊರಗೆ ಬಂದು, ಒಂದು ಲೋಟ ಕಬ್ಬಿನ ಹಾಲು ಕುಡಿದೆ. ಅದರ ತಣ್ಣಗಿನ ತಳ ಮುಟ್ಟಿದಾಗ ಬುದ್ಧಿ ವಾಪಸು ಬಂತು. ಗೆದ್ದವನು ನಾನು, ಪರೀಕ್ಷೆ ಬರೆಯುವವಳು ಅವಳು.

ಸಂಜೆ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನ ಗಂಟಲಿನಿಂದ ಆಗ ಹೊರಬಿದ್ದ ಸುಳ್ಳೇ ನಾನು ಮೇಲೆ ಹೇಳಿದ ಕರು. "ಗೃಹ ವಿಜ್ಞಾನ ಎಲ್ಲಾ ಖಾಲಿಯಾಗಿತ್ತು ಕಣೆ ಮಂಜಿ. ಕಂಪ್ಯೂಟರ್ ಒಂದೇ ಉಳ್ದಿತ್ತು." ಸಂತೆಯಲ್ಲಿ ಹೀರೇಕಾಯಿ ಮುಗಿದು ಸೋರೆಕಾಯಿ ಉಳಿದ ಹಾಗೆ ಹೇಳಿದೆ. ಅವಳ ಮುಖ ಸಣ್ಣದಾಯಿತು. ಅಲ್ಲೇ ಜಗಲಿಯ ಮೇಲೆ ಕೂತಳು. ಆ ಮೇಲೆ, "ನೀನೇನ್ ಮಾಡಕ್ಕಾಯ್ತದೆ ಅಣ್ಣ. ಬಿಸ್ಲಲ್ಲಿ ಅಷ್ಟು ದೂರ ಓಗಿ ಬಂದಿದ್ದೀಯ. ಕೈಕಾಲು ತೊಳ್ಕೊ, ಮಜ್ಜಿಗೆ ಕೊಡ್ತೀನಿ" ಅಂದಳು. ಬೈದಿದ್ದರೆ ಜೀರ್ಣವಾಗುತ್ತಿತ್ತು. ಆ ಮಜ್ಜಿಗೆ ಇವತ್ತಿಗೂ ಜೀರ್ಣವಾಗಿಲ್ಲ.

ಪಾಪ ಮಾಡಿದವರು ಪುಣ್ಯಕ್ಷೇತ್ರಕ್ಕೆ ಹೋಗುತ್ತಾರೆ. ನಾನು ಗುಜರಿ ಅಂಗಡಿಗೆ ಹೋದೆ. ಮಂಜುಳಾಗೆ ಫೋನಿನಲ್ಲಿ ಪಾಠದ ವಿಡಿಯೋ ಸಿಗುತ್ತಿತ್ತು, ಆದರೆ ಕಂಪ್ಯೂಟರ್ ಇರಲಿಲ್ಲ. ಪಿರಿಯಾಪಟ್ಟಣದ ಅಂಗಡಿಯಲ್ಲಿ ಕಲಿಯೋಣವೆಂದರೆ ರೈತರ ಅರ್ಜಿಗಳ ಸಾಲು ಮುಗಿಯುವುದೇ ಇಲ್ಲ. ಹಾಗಾಗಿ ಗುಜರಿಯಿಂದ ಒಂದು ಸತ್ತ ಕೀಬೋರ್ಡ್ ತಂದೆ. ಅದರ ಬಾಲ ತುಂಡಾಗಿತ್ತು, ಹಲ್ಲುಗಳೆಲ್ಲ ಇದ್ದವು. ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ರಲ್ಲಿ ಬೊಂಬೆ ಎಲ್ಲಿ ಬತ್ತದ್ಲಾ?" ಎಂದು ಕೇಳಿದಳು. ಆ ಪ್ರಶ್ನೆ ಸರಿಯಾಗಿಯೇ ಇತ್ತು. ಪರದೆ ಇಲ್ಲದೆ ತಾನು ಒತ್ತಿದ್ದು ಸರಿಯೋ ತಪ್ಪೋ ಎಂದು ಮಂಜುಳಾಗೆ ತಿಳಿಯುವುದು ಹೇಗೆ? ಕೊನೆಗೆ ನಾನೇ ಪರದೆಯಾದೆ. ಅಂಗನವಾಡಿಯ ಹಳೆಯ ಸ್ಲೇಟು ಹಿಡಿದು ಅವಳ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದೆ. ಅವಳು ಒಂದೊಂದು ಅಕ್ಷರ ಒತ್ತಿ ಜೋರಾಗಿ ಕೂಗುತ್ತಿದ್ದಳು, ನಾನು ಸ್ಲೇಟಿನ ಮೇಲೆ ಬರೆಯುತ್ತಿದ್ದೆ. ನನಗೆ ಇಂಗ್ಲಿಷ್ ಅಕ್ಷರಗಳು ಒಂಟಿಯಾಗಿ ಸಿಕ್ಕಿದರೆ ಗುರುತಿದೆ, ಗುಂಪಾಗಿ ಬಂದರೆ ಹೆದರಿಕೆ. ತಪ್ಪಾದಾಗ ಅವಳು ಅಳಿಸುವ ಗುಂಡಿ ಒತ್ತಿ "ಅಳ್ಸು" ಎನ್ನುವಳು, ನಾನು ಎಂಜಲು ಹಚ್ಚಿ ಅಳಿಸುವೆ. ಒಮ್ಮೊಮ್ಮೆ ನಾನು ತೂಕಡಿಸಿದರೆ, "ಅಣ್ಣ, ಸ್ಕ್ರೀನ್ ಆಫಾಯ್ತು!" ಎಂದು ಮೊಣಕಾಲು ತಟ್ಟುತ್ತಿದ್ದಳು.

ಇನ್ನು ಅಲ್ಗಾರಿದಮ್. ಒಂದು ಕೆಲಸವನ್ನು ಏನೂ ತಿಳಿಯದವನಿಗೆ ಹೆಜ್ಜೆ ಹೆಜ್ಜೆಯಾಗಿ ಹೇಳಿಕೊಡುವುದಕ್ಕೆ ಆ ಹೆಸರಂತೆ. ಏನೂ ತಿಳಿಯದವನು ಎಂದರೆ ಯಾರು ಎಂದು ಕೇಳಿದೆ. "ಕಂಪ್ಯೂಟರು" ಅಂದಳು. "ಸದ್ಯಕ್ಕೆ ನೀನು."

ನಮ್ಮದು ತಂಬಾಕು. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಮನೆಯೊಳಗೆ ತೂಗುಹಾಕಿ, ಹೊರಗಿನಿಂದ ಒಲೆಗೆ ಸೌದೆ ಕೊಟ್ಟು ಹದ ಮಾಡುತ್ತೇವೆ. ಶಾಖ ಒಂದಿಷ್ಟು ಹೆಚ್ಚಿದರೂ ಎಲೆ ಕೆಟ್ಟಿತು. ಈ ಕೆಲಸವನ್ನೇ ಅವಳು ಅಲ್ಗಾರಿದಮ್ ಮಾಡಿ ಬರೆದಳು. ಶಾಖ ನೋಡು. ಕಡಿಮೆಯಿದ್ದರೆ ಸೌದೆ ಹಾಕು. ಮತ್ತೆ ಶಾಖ ನೋಡು. ಹೀಗೆ ಸುತ್ತಿ ಸುತ್ತಿ ಅದನ್ನೇ ಮಾಡುವುದಕ್ಕೆ ಲೂಪ್ ಎನ್ನುತ್ತಾರಂತೆ. "ಬರ್ದಿರೋದು ಮಾತ್ರ ಮಾಡ್ಬೇಕು ಅಣ್ಣ, ನಿನ್ ಬುದ್ಧಿ ಓಡುಸ್ಬಾರ್ದು" ಎಂದು ಹೇಳಿ, ಮಧ್ಯಾಹ್ನ ಮಕ್ಕಳಿಗೆ ಊಟ ಬಡಿಸಲು ಹೋದಳು.

ಬೇರೆಯವರ ತಂಗಿ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ತಪ್ಪು ಮಾಡಿದ ಅಣ್ಣ ನಾನು, ಅಕ್ಷರಕ್ಷರ ಪಾಲಿಸಿದೆ. ಶಾಖ ನೋಡಿದೆ, ಕಡಿಮೆಯಿತ್ತು, ಸೌದೆ ಹಾಕಿದೆ. ತಕ್ಷಣ ಶಾಖ ನೋಡಿದೆ. ಈಗ ಹಾಕಿದ ಸೌದೆ ಈಗಲೇ ಹೇಗೆ ಉರಿದೀತು? ಕಡಿಮೆಯೇ ಇತ್ತು. ಮತ್ತೆ ಹಾಕಿದೆ. ಮತ್ತೆ ನೋಡಿದೆ. ಒಲೆಯ ಬಾಯಿ ತುಂಬಿತು. ಕಾಯಬೇಕು ಎಂದು ನನ್ನೊಳಗಿನ ರೈತ ಬಡಿದುಕೊಳ್ಳುತ್ತಿದ್ದ. ಕಾಯುವುದು ಎಲ್ಲಿಯೂ ಬರೆದಿಲ್ಲ ಎಂದು ನನ್ನೊಳಗಿನ ಕಂಪ್ಯೂಟರು ಅವನ ಬಾಯಿ ಮುಚ್ಚಿಸಿತು. ಆ ಮೇಲೆ ಎಲ್ಲ ಸೌದೆಯೂ ಒಟ್ಟಿಗೆ ಹತ್ತಿಕೊಂಡಿತು ನೋಡಿ, ಶಾಖ ಮಾಪಕದ ತುದಿಗೆ ಏರಿತು. ಹೊನ್ನಿನ ಬಣ್ಣಕ್ಕೆ ಬರಬೇಕಾಗಿದ್ದ ಎಲೆ ಕಾಫಿಪುಡಿಯ ಬಣ್ಣಕ್ಕೆ ಬಂತು.

ವಾಸನೆ ಹಿಡಿದು ಅವ್ವ ಓಡಿ ಬಂದಳು. "ಲೋ, ಮೀಸೆ ಬರಕ್ ಮುಂಚಿಂದ ಬೆಂಕಿ ಆಕ್ತಿದ್ದೀಯ, ಬುದ್ಧಿ ಎಲ್ಲೋಗಿತ್ಲಾ?"

"ಇವತ್ತು ನಾನು ಕಂಪ್ಯೂಟ್ರು ಕಣವ್ವ. ಬುದ್ಧಿ ಓಡ್ಸಂಗಿಲ್ಲ."

"ಅಯ್ಯೋ ನನ್ ಸಿವ್ನೆ! ಇದ್ದಿದ್ದೂ ಓಯ್ತಾ?"

ಹಿಂದೆಯೇ ಬಂದ ಮಂಜುಳಾ ಬ್ಯಾರನ್ನಿನ ಬಾಗಿಲಲ್ಲಿ ನಿಂತು ಎಲೆ ನೋಡಿದಳು, ತಾನು ಬರೆದಿದ್ದನ್ನು ನೋಡಿದಳು. ಅಳುತ್ತಾಳೆಂದುಕೊಂಡೆ. ಕುಣಿದಳು. "ಕಾಯೋದು ಬರ್ದೇ ಇಲ್ಲ ಅಣ್ಣ! ಲೂಪಿನೊಳ್ಗೆ ಕಾಯೋದು ಬಿಟ್ಬುಟ್ಟಿದ್ದೀನಿ!" ಎಷ್ಟೋ ದಿನದಿಂದ ವಿಡಿಯೋದಲ್ಲಿ ಅರ್ಥವಾಗದಿದ್ದದ್ದು ಒಂದು ಬ್ಯಾರನ್ ತಂಬಾಕು ಸುಟ್ಟ ಮೇಲೆ ಅರ್ಥವಾಗಿತ್ತು. ಹರಾಜಿನಲ್ಲಿ ಆ ಎಲೆಯನ್ನು ಮೂಸಿ ನೋಡಿದವರು ನನ್ನ ಮುಖವನ್ನೂ ಒಮ್ಮೆ ನೋಡಿ ಮುಂದಕ್ಕೆ ಹೋದರು.

ಇಷ್ಟೆಲ್ಲದರ ನಡುವೆ ಸತ್ಯ ಹೇಳಿಬಿಡೋಣ ಎಂದು ಹಲವು ಸಲ ಹೊರಟಿದ್ದೇನೆ. ಓದುವಾಗ ಹೇಳಿದರೆ ಮನಸ್ಸು ಮುರಿದೀತು, ಪರೀಕ್ಷೆ ಮುಗಿಯಲಿ. ಮುಗಿದ ಮೇಲೆ, ಫಲಿತಾಂಶ ಬರಲಿ. ಒಳ್ಳೆಯ ಮುಹೂರ್ತಕ್ಕೆ ಕಾಯುವವನಿಗೆ ಪಂಚಾಂಗದ ತುಂಬ ರಾಹುಕಾಲವೇ. ನನ್ನ ದೊಡ್ಡ ಭಯ ಅಂಗಡಿಯ ಹುಡುಗಿ. ನನ್ನ ವೀರಾವೇಶಕ್ಕೆ ಅವಳೇ ಸಾಕ್ಷಿ. ಜವರಪ್ಪ ಬಾಯಿ ಬಿಡುವುದಿಲ್ಲವೆಂದು ಗೊತ್ತಿತ್ತು. ಸೋತ ಸುದ್ದಿಯನ್ನು ಯಾರು ತಾನೇ ಸಾರುತ್ತಾರೆ? ಹುಡುಗಿಗೆ ಮಾತ್ರ ಹೊಲದ ಅವರೆಕಾಯಿ, ಎಳೆ ಸೌತೆಕಾಯಿ ಒಯ್ದು ಕೊಟ್ಟು, "ನಮ್ ತಂಗಿ ಬಂದ್ರೆ ಆ ಇಸ್ಯ ಎತ್ಬೇಡ ತಾಯಿ" ಎಂದು ಬೇಡಿಕೊಂಡು ಬರುತ್ತಿದ್ದೆ.

ಪ್ರಾಯೋಗಿಕ ಪರೀಕ್ಷೆ ಹುಣಸೂರಿನಲ್ಲಿ. ಗೇಟಿನ ಹೊರಗೆ ಹದಿಹರೆಯದ ಮಕ್ಕಳ ತಂದೆತಾಯಂದಿರ ಜೊತೆ ನಾನೂ ನಿಂತೆ. "ನಿಮ್ದು ಮಗನಾ, ಮಗಳಾ?" ಎಂದು ಒಬ್ಬರು ಕೇಳಿದರು. ತಂಗಿ ಎಂದೆ. ಅವರು ನನ್ನ ನರೆತ ಮೀಸೆ ನೋಡಿ, ಅದೇ ಪ್ರಶ್ನೆಯನ್ನು ಪಕ್ಕದವರಿಗೆ ಕೇಳಿದರು. ಮಂಜುಳಾ ಹೊರಗೆ ಬಂದಾಗ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಿದ್ದಳು. ನಿಜವಾದ ಕಂಪ್ಯೂಟರಿನ ಮುಂದೆಯೂ ಅವಳು ನನ್ನ ಜೊತೆ ಅಭ್ಯಾಸವಾದ ಹಾಗೆ ಒಂದೊಂದು ಅಕ್ಷರ ಒತ್ತಿ ಜೋರಾಗಿ ಕೂಗುತ್ತಿದ್ದಳಂತೆ. ಪರೀಕ್ಷಕರು ಹತ್ತಿರ ಬಂದು, "ಅಮ್ಮಾ, ಅದಕ್ಕೆ ಕಿವಿ ಇಲ್ಲ. ಮನಸ್ಸಲ್ಲೇ ಹೇಳ್ಕೊಳ್ಳಿ, ಪಕ್ಕದವರೆಲ್ಲ ನಿಮ್ಮ ಉತ್ತರಾನೇ ಒತ್ತಾ ಇದ್ದಾರೆ" ಎಂದರಂತೆ.

ಪಾಸಾದಳು. ಕಂಪ್ಯೂಟರಿನಲ್ಲಿ ಬೇರೆಲ್ಲ ವಿಷಯಗಳಿಗಿಂತ ಹೆಚ್ಚಿಗೆ ಬಂದಿತ್ತು. ಟೀಚರಮ್ಮ ನಿವೃತ್ತರಾದರು, ಅರ್ಜಿ ಹಾಕಿದಳು, ಈಗ ನಮ್ಮೂರ ಅಂಗನವಾಡಿಗೆ ಅವಳೇ ಟೀಚರ್. "ಒಳ್ಳೇದೇ ಆಯ್ತಣ್ಣ, ಅವತ್ತು ಗೃಹ ವಿಜ್ಞಾನ ಖಾಲಿಯಾಗಿದ್ದು" ಅಂದಳು. ಇನ್ನು ಹೇಳುವ ಅಗತ್ಯವೇ ಇಲ್ಲವಲ್ಲ ಎಂದು ಸಮಾಧಾನ ತಂದುಕೊಂಡೆ. ಸಮಾಧಾನ ಬಂತು, ನಿದ್ದೆ ಬರಲಿಲ್ಲ. ಅವಳಿಗೆ ಹೇಳಲಾಗದ್ದನ್ನು ಊರಿಗೆಲ್ಲ ಹೇಳಿದರೆ ಭಾರ ಇಳಿದೀತು ಎನ್ನಿಸಿತು. ಬ್ಯಾರನ್ನಿನ ನೆರಳಲ್ಲಿ ಕೂತು, ಸೌದೆಯ ನಡುವಿನ ಬಿಡುವಿನಲ್ಲಿ ಒಂದು ವಾರಪತ್ರಿಕೆಗೆ ಕಳಿಸೋಣವೆಂದು ಇಲ್ಲಿಯವರೆಗಿನದನ್ನು ಬರೆದೆ. ಮಂಜುಳಾ ವಾರಪತ್ರಿಕೆ ಓದುವವಳಲ್ಲ ಎನ್ನುವ ಧೈರ್ಯವೂ ಇತ್ತು.

ಪತ್ರಿಕೆಯವರು ಟೈಪ್ ಮಾಡಿ ಕಳಿಸಿ ಎಂದಿದ್ದರು. ಹಾಳೆಗಳನ್ನು ಹಿಡಿದು ಅದೇ ಕಂಪ್ಯೂಟರ್ ಅಂಗಡಿಗೆ ಬಂದರೆ ಬೆಳೆ ವಿಮೆಯ ಸಾಲು ಬೀದಿಗೆ ಬಂದಿತ್ತು. "ನಂಗೆ ಕೈ ಬಿಡುವಿಲ್ಲ ಅಣ್ಣ. ಅಕ್ಕ ಅಲ್ಲೇ ಕೂತವ್ರಲ್ಲ, ಅವ್ರೇ ಮಾಡ್ಕೊಡ್ತಾರೆ" ಎಂದು ಹುಡುಗಿ ಹಾಳೆಗಳನ್ನು ನನ್ನ ಕೈಯಿಂದ ಕಿತ್ತು ಮೂಲೆಗೆ ದಾಟಿಸಿದಳು. ಮೂಲೆಯಲ್ಲಿ, ಅಂಗನವಾಡಿಯ ಯಾವುದೋ ಕೆಲಸಕ್ಕೆ ಬಂದು ಕೂತಿದ್ದವಳು ಮಂಜುಳಾ. ಓಡಿಹೋಗಲು ಬಾಗಿಲು ತೆರೆದೇ ಇತ್ತು. ಆದರೂ ಹೋಗಿ ಅವಳ ಹಿಂದಿದ್ದ ಸ್ಟೂಲಿನ ಮೇಲೆ ಕೂತೆ.

ಸರಸರನೆ ಟೈಪು ಮಾಡುತ್ತ ಹೋದಳು. ಹುಣಸೆಮರ ದಾಟಿತು, ತಿಪ್ಪೆ ದಾಟಿತು. ಜವರಪ್ಪ ಬಂದ ಕಡೆ ಬೆರಳುಗಳು ನಿಂತವು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬಗಳನ್ನು ಹುಡುಕುತ್ತಿದ್ದೆ. ಮತ್ತೆ ಬೆರಳು ಓಡಿದವು, ಕೊನೆಯ ಹಾಳೆಯವರೆಗೂ. ಆ ಮೇಲೆ ನನ್ನ ಕಡೆ ತಿರುಗದೆ ಕೇಳಿದಳು.

"ನಾನು ಫೇಲಾಗಿದ್ರೆ ನಿಜ ಏಳ್ತಿದ್ಯಾ ನಂಗೆ?"

ಈ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡಿರಲಿಲ್ಲ. "ಇಲ್ಲ" ಅಂದೆ.

"ಅದ್ನೂ ಆಕ್ತೀನಿ" ಅಂದಳು. ಹಾಕಿದಳು. ನನ್ನ ಹಾಳೆ ಮುಗಿದಿತ್ತು, ಟೈಪು ಮಾಡಿಸಲು ಅಂಗಡಿಗೆ ಬಂದ ಕಡೆಯಿಂದ ಮುಂದಿನದೆಲ್ಲ ನಾನು ಬಾಯಲ್ಲಿ ಹೇಳಿದ್ದು, ಅವಳು ಬರೆದುಕೊಂಡದ್ದು. ಬೇಗ ಮುಗಿಸಿಬಿಡಬೇಕೆಂದು ನಾನು ಒಂದೇ ಉಸಿರಿಗೆ ಹೇಳುತ್ತಿದ್ದೆ. "ನಿದಾನ ಏಳಣ್ಣ, ಬಸ್ ಏನ್ ಓಗ್ಬುಡಲ್ಲ" ಅಂದಳು. ಅವಳ ಭುಜ ಅಲುಗುತ್ತಿತ್ತು. ಅತ್ತಿದ್ದೋ ನಕ್ಕಿದ್ದೋ ಹಿಂದಿನಿಂದ ತಿಳಿಯಲಿಲ್ಲ, ಮುಂದೆ ಹೋಗಿ ನೋಡುವ ಧೈರ್ಯ ನನಗಿರಲಿಲ್ಲ.

ಎಲ್ಲ ಮುಗಿದ ಮೇಲೆ ಮೆಲ್ಲಗೆ, "ಎಸ್ರು ಆಕ್ಬೇಡ ಕಣೆ ಮಂಜಿ. ಓದುಗರೊಬ್ರು ಅಂತ ಆಕ್ಬುಡು" ಎಂದು ಕೇಳಿಕೊಂಡೆ.

"ಸುಮ್ಕಿರಣ್ಣ. ಸಿದ್ದರಾಜು ಅಂತ್ಲೇ ಆಕ್ತೀನಿ. ದಪ್ಪಕ್ಷರದಲ್ಲಿ ಮಾಡದೂ ನಂಗ್ ಬತ್ತದೆ."

ಹೀಗಾಗಿ, ಈ ಬರಹದ ಮೇಲೋ ಕೆಳಗೋ ನನ್ನ ಹೆಸರು ಉಳಿದ ಅಕ್ಷರಗಳಿಗಿಂತ ದಪ್ಪಗೆ ಕಂಡರೆ, ಅದು ಪತ್ರಿಕೆಯವರು ನನಗೆ ತೋರಿಸಿದ ಗೌರವ ಎಂದು ದಯವಿಟ್ಟು ತಿಳಿಯಬೇಡಿ.