ವರದಿಯಿಂದ 'ಗಂಟು' ಎಂಬ ಪದವನ್ನು ಹೊಡೆದುಹಾಕುವ ಕುರಿತು

ದಿನಾಂಕ: 18-11-2024

ಇಂದ:
ಇಂದ್ರವ್ವ ಕೋಂ ದಶರಥ, ವಯಸ್ಸು 58,
ಉದ್ಯೋಗ: ಕೆಚ್ಚುವುದು, ಸಾಕೀನ್: ಬನಹಟ್ಟಿ.

ಗೆ:
ಮಾನ್ಯ ಶಾಖಾ ವ್ಯವಸ್ಥಾಪಕರು,
ಹೊಳೆಸಾಲು ಫೈಬರ್ ಜಾಲ ಸಂಸ್ಥೆ, ಜಮಖಂಡಿ.

ವಿಷಯ: ಹರಿದ ಫೈಬರ್ ಕೇಬಲನ್ನು ಅರ್ಜಿದಾರಳು ಜೋಡಿಸಿದ್ದನ್ನು 'ಗಂಟು' ಎಂದು ಬರೆದು ಅವಳ ಕಸುಬಿಗೆ ಕುತ್ತು ತಂದ ಬಗ್ಗೆ.

ಉಲ್ಲೇಖ: 1) ತಮ್ಮ ದುರಸ್ತಿ ವರದಿ ಸಂಖ್ಯೆ 114, ದಿನಾಂಕ 09-11-2024.
2) ಅದನ್ನು ಓದಿದ ಮೇಲೆ ಬನಹಟ್ಟಿಯ ಜನ ಆಡಿಕೊಂಡ ಮಾತು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಹೇಳಿದ್ದನ್ನು ಅರ್ಜಿ ಬರಹಗಾರ ಕರೆಪ್ಪನು, ಬೈಗುಳಗಳನ್ನು ತೆಗೆದು, ಈ ಕೆಳಗಿನಂತೆ ಬರೆದಿರುತ್ತಾನೆ.

1. ಅರ್ಜಿದಾರಳು ನಲವತ್ತು ವರ್ಷದಿಂದ ಮಗ್ಗದ ಮನೆಗಳಲ್ಲಿ ಕೆಚ್ಚುತ್ತ ಬಂದವಳು. ಮಗ್ಗದ ಮೇಲೆ ಮುಗಿಯುತ್ತ ಬಂದ ಹಾಸಿನ, ಅಂದರೆ ಉದ್ದನೂಲಿನ, ತುದಿಗೆ ಹೊಸ ಹಾಸಿನ ತುದಿ ಇಟ್ಟು, ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದೇ ಎಳೆಯನ್ನು ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಒಂದು ಹಾಸಿನಲ್ಲಿ ಮೂರು ಸಾವಿರ ಎಳೆ. ಅದರಲ್ಲಿ ಒಂದೂ ಗಂಟು ಇರಕೂಡದು. ಇದ್ದರೆ ಮಗ್ಗದ ಹಣಿಗೆಯ ಹಲ್ಲಿಗೆ ಸಿಕ್ಕಿ ನೂಲು ಹರಿಯುತ್ತದೆ, ಸೀರೆ ಕೆಡುತ್ತದೆ, ಕೆಚ್ಚಿದವಳ ಹೆಸರೂ ಕೆಡುತ್ತದೆ.

2. ದಿನಾಂಕ 06-11-2024 ರಂದು ಕಬ್ಬು ತುಂಬಿದ ಟ್ರ್ಯಾಕ್ಟರೊಂದು, ಸೀರೆ ವ್ಯಾಪಾರಿ ಚನಮಲ್ಲಪ್ಪನವರ ಬನಹಟ್ಟಿಯ ಮಗ್ಗದ ಮನೆಯಿಂದ ರಬಕವಿಯ ಅಂಗಡಿಗೆ ಎಳೆದಿದ್ದ ತಮ್ಮ ಕೇಬಲನ್ನೂ ಕಬ್ಬಿನ ಜೊತೆ ಕಾರ್ಖಾನೆಗೆ ಒಯ್ಯಲು ನೋಡಿದ ಕಾರಣ, ಸದರಿ ಕೇಬಲು ಹರಿಯಿತು. ಆ ಹೊತ್ತಿಗೆ ಚನಮಲ್ಲಪ್ಪನವರು ವಿಡಿಯೋದಲ್ಲಿ ಪುಣೆಯ ಗಿರಾಕಿಗೆ ಸೆರಗು ತೋರಿಸುತ್ತಿದ್ದರು. ಗಿರಾಕಿ ಬಾಯಿ ತೆರೆದವನು ತೆರೆದಂತೆಯೇ ಪರದೆಯ ಮೇಲೆ ನಿಂತುಬಿಟ್ಟ. ಬೇಕು ಎನ್ನಲು ತೆರೆದನೋ ಬೇಡ ಎನ್ನಲು ತೆರೆದನೋ ತಿಳಿಯದೆ ಚನಮಲ್ಲಪ್ಪನವರು ಒದ್ದಾಡಿದರು.

3. ತಮ್ಮ ಕಚೇರಿಗೆ ಫೋನು ಮಾಡಲಾಗಿ, ಎಳೆ ಹರಿದಿದೆ, ಜೋಡಿಸುವವರು ಮೂರು ದಿನ ಬಿಟ್ಟು ಬರುತ್ತಾರೆ ಎಂಬ ಉತ್ತರ ಬಂತು. ಚನಮಲ್ಲಪ್ಪನವರು ಫೋನು ಇಟ್ಟು, "ಎಳಿ ಹರದೈತಂತ! ಜೋಡಸಾವ್ರ ಇಲ್ಲಂತ!" ಎಂದು ಕೂಗಿದರು. ಅರ್ಜಿದಾರಳು ನಾಲ್ಕು ಮಾರು ಆಚೆಗೆ ಕೆಚ್ಚುತ್ತ ಕುಳಿತಿದ್ದಳು. ಅವಳೆದುರು ನಿಂತು ಜೋಡಿಸುವವರು ಇಲ್ಲ ಅಂದರೆ ಸುಮ್ಮನಿರುವುದು ಹೇಗೆ? ಆದ್ದರಿಂದ ಬೂದಿಯ ಬಟ್ಟಲು ಎತ್ತಿಕೊಂಡು ರಸ್ತೆಗೆ ನಡೆದಳು.

4. ಕೇಬಲಿನ ಒಳಗೆ ಬಣ್ಣಬಣ್ಣದ ಹನ್ನೆರಡು ಎಳೆಗಳಿದ್ದವು. "ಬರೇ ಹನ್ನೆರಡು! ಇಷ್ಟಕ್ಕ ಒಂದು ಕಂಪನಿ ಬೇಕಾತೇನು?" ಎಂದು ಅರ್ಜಿದಾರಳು ಕೇಳಿದಳು. (ಈ ವಾಕ್ಯ ಬೇಡವೆಂದು ಬರಹಗಾರ ಹೇಳಿದರೂ, ಅರ್ಜಿದಾರಳು ಎದ್ದು ಹೋಗುವುದಾಗಿ ಹೆದರಿಸಿದ ಕಾರಣ ಉಳಿಸಿಕೊಳ್ಳಲಾಗಿದೆ.) ನೀಲಿಗೆ ನೀಲಿ, ಹಸಿರಿಗೆ ಹಸಿರು ಹಿಡಿದು ಕಾಲು ತಾಸಿನಲ್ಲಿ ಕೆಚ್ಚಿ ಮುಗಿಸಿ ಬಂದು ನೋಡಿದರೆ ಗಿರಾಕಿಯ ಬಾಯಿ ಇನ್ನೂ ತೆರೆದೇ ಇತ್ತು. ಆದ್ದರಿಂದ ದೋಷವು ಪುಣೆಯ ಕಡೆ ಇದೆ ಎಂದು ಅರ್ಜಿದಾರಳು ತೀರ್ಮಾನಿಸಿದಳು.

5. ಮೂರನೆಯ ದಿನ ತಮ್ಮ ಕೆಲಸಗಾರ ಧರ್ಮರಾಜನು ಬೀಳಗಿಯಿಂದ ಬಂದು ಕೇಬಲು ಕೈಗೆತ್ತಿಕೊಂಡನು.

"ಯಾರ್ರೀ ಇದಕ್ಕ ಗಂಟ ಹಾಕಿದವರು?"

"ಗಂಟಲ್ಲೋ ತಮ್ಮಾ, ಕೆಚ್ಚು. ನಾನ ಕೆಚ್ಚೇನಿ. ಸವರಿ ನೋಡು, ಕೈಗೆ ಹತ್ತತೈತೇನು?"

"ಯವ್ವಾ, ಇದು ನೂಲಲ್ಲ, ಗಾಜು. ಇದರಾಗ ಬೆಳಕು ಹಾದು ಹೋಗಬೇಕು."

"ಹೋಗ್ಲಿ ಬಿಡೋ. ಇಷ್ಟು ನುಣ್ಣಗ ಮಾಡೇನಿ, ಬೆಳಕೇನು ಎಡವಿ ಬೀಳತೈತೇನು?"

ಧರ್ಮರಾಜನು ಕೆಚ್ಚನ್ನು ಬಿಚ್ಚಲು ಹೋದನು. ಬಿಚ್ಚಲಿಲ್ಲ. ಉಗುರು ಹಾಕಿದನು, ಬಿಚ್ಚಲಿಲ್ಲ. ಕೊನೆಗೆ ಕತ್ತರಿಯಿಂದ ಕತ್ತರಿಸಿ, ತನ್ನ ಯಂತ್ರದಲ್ಲಿಟ್ಟು ಜೋಡಿಸಿದನು. ಜಾಲ ಬಂತು. ಇದನ್ನು ಅರ್ಜಿದಾರಳು ನಿರಾಕರಿಸುವುದಿಲ್ಲ.

6. ಆದರೆ ವರದಿಯಲ್ಲಿ 'ಅಪರಿಚಿತ ಕಿಡಿಗೇಡಿಗಳು ಕೇಬಲಿಗೆ ಗಂಟು ಹಾಕಿರುತ್ತಾರೆ' ಎಂದು ಬರೆಯಲಾಗಿದೆ. ಕಿಡಿಗೇಡಿ ಎಂಬುದಕ್ಕೆ ತಕರಾರಿಲ್ಲ. ಅತ್ತೆ ಇದಕ್ಕಿಂತ ಜೋರಾಗಿ ಅನ್ನುತ್ತಿದ್ದಳು. ಅಪರಿಚಿತ ಎಂದದ್ದು ಶುದ್ಧ ಸುಳ್ಳು. ಗಂಟು ಎಂದದ್ದು ಮಾತ್ರ ತಡೆದುಕೊಳ್ಳಲಾಗದ್ದು. ಈ ವರದಿ ನೇಕಾರರ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿದೆ. "ಇಂದ್ರವ್ವ ಈಗ ಗಂಟ ಹಾಕತಾಳಂತ" ಎಂದು ಮೂರು ಮಗ್ಗದ ಮನೆಯವರು ಅವಳನ್ನು ಬಿಟ್ಟು ಮಾದೇವಿಯನ್ನು ಕರೆದಿದ್ದಾರೆ. ಮಾದೇವಿಗೆ ಕೆಲಸ ಕಲಿಸಿದವಳೇ ಅರ್ಜಿದಾರಳು. ಅರ್ಜಿದಾರಳಿಗೆ ಬಹಳ ನೋವಾಗಿದೆ. ಇಷ್ಟು ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಬೂದಿ ಬಿತ್ತು ಎಂದಳು. ಬರಹಗಾರನ ಅಂಗಡಿಯಲ್ಲಿ ಬೂದಿ ಇರುವುದಿಲ್ಲ.

ಕಾರಣ, ತಾವು ದಯಮಾಡಿ ಸದರಿ ವರದಿಯಲ್ಲಿ 'ಗಂಟು' ಎಂಬುದನ್ನು ಹೊಡೆದು 'ಕೆಚ್ಚು' ಎಂದೂ, 'ಅಪರಿಚಿತ' ಎಂಬುದನ್ನು ಹೊಡೆದು 'ಬನಹಟ್ಟಿಯ ಇಂದ್ರವ್ವ' ಎಂದೂ ತಿದ್ದಿ, ಅದೇ ವಾಟ್ಸಾಪ್ ಗುಂಪಿಗೆ ಕಳಿಸಬೇಕು. ಬೆಳಕು ದಾಟಲಿಲ್ಲ ಎಂದು ಬರೆಯಲು ಅಡ್ಡಿಯಿಲ್ಲ, ಅದು ಖರೆ. ಬಿಚ್ಚಲಿಲ್ಲ ಎಂದೂ ಬರೆಯಬೇಕು, ಅದೂ ಖರೆ.

ತಮ್ಮ ಮೇಲೆ ಇನ್ನೂ ವಿಶ್ವಾಸ ಇಟ್ಟುಕೊಂಡಿರುವ,
ಇಂದ್ರವ್ವ (ಎಡಗೈ ಹೆಬ್ಬೆಟ್ಟಿನ ಗುರುತು)

ಅಡಕಗಳು:
1. ವರದಿಯ ಪ್ರತಿ.
2. ಧರ್ಮರಾಜನು ಕತ್ತರಿಸಿ ಬಿಸಾಕಿದ ಕೆಚ್ಚಿನ ತುಂಡು, ನೀಲಿ, ಒಂದು. ಮಾನ್ಯರು ಇದನ್ನು ಎರಡೂ ಕೈಯಿಂದ ಜಗ್ಗಿ ನೋಡತಕ್ಕದ್ದು. ಬಿಚ್ಚಿದರೆ ಈ ಅರ್ಜಿಯನ್ನು ಹರಿದುಹಾಕತಕ್ಕದ್ದು. ಬಿಚ್ಚದಿದ್ದರೆ, ಜಗ್ಗಿದವರೆಲ್ಲರ ಹೆಸರು ಬರೆದು ಸಹಿ ಮಾಡಿ ಕಳಿಸತಕ್ಕದ್ದು.